ಹೂಂ ತಂತಿ

ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎದುರಿಗೆ ‘ಅಕ್ಕ’, ಬೆನ್ನ ಹಿಂದೆ ‘ಹೆಡ್‌ಮಿಸ್’. ಪರೀಕ್ಷೆಯ ಮೇಜಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಬಂದ ಪೆಟ್ಟಿಗೆಯನ್ನೂ ಅದನ್ನು ತಂದವರನ್ನೂ ಒಂದೇ ನೋಟದಲ್ಲಿ ಅಳೆದುಬಿಡುತ್ತಿದ್ದಳು. ಇಬ್ಬರಲ್ಲಿ ಪೆಟ್ಟಿಗೆಯ ಮೇಲೇ ಅವಳಿಗೆ ಒಂದು ತೂಕ ಹೆಚ್ಚು ನಂಬಿಕೆ ಎಂದು ಕೆಲಸಗಾರರು ಆಡಿಕೊಳ್ಳುತ್ತಿದ್ದರು. ಅದೇನೂ ಸುಳ್ಳಲ್ಲ.

ಅಲ್ಲಿ ತಯಾರಾಗುತ್ತಿದ್ದದ್ದು ದೊಡ್ಡ ಯಂತ್ರಗಳಿಗೆ ಕರೆಂಟನ್ನು ಹದ ಮಾಡಿ ಉಣಿಸುವ ಪವರ್ ಸಪ್ಲೈಗಳು. ಒಂದು ತಗಡಿನ ಗೂಡು, ಅದರೊಳಗೆ ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಸಾಲಾಗಿ ಮಾಡ್ಯೂಲುಗಳು. ಒಂದು ಕೆಟ್ಟರೆ ಅದನ್ನಷ್ಟೇ ಎಳೆದು ಹಾಕಿ ಇನ್ನೊಂದನ್ನು ತೂರಿಸಿದರಾಯಿತು. ಕರೆಂಟು ಹೊರುವ ದಪ್ಪ ತಂತಿಗಳ ಪಕ್ಕದಲ್ಲೇ, ಯಾರ ಕಣ್ಣಿಗೂ ಬೀಳದ ಹಾಗೆ, ಸಣ್ಣ ತಂತಿಗಳ ಒಂದು ಗೊಂಚಲಿರುತ್ತದೆ. ಅವು ಭಾರ ಹೊರುವುದಿಲ್ಲ, ಬರೀ ಮಾತಾಡುತ್ತವೆ. ಒಂದು ತಂತಿ ಮಾಡ್ಯೂಲಿಗೆ ‘ಏಳು’, ‘ಮಲಗು’ ಎಂದು ಅಪ್ಪಣೆ ಕೊಡುತ್ತದೆ. ಒಂದು, ಫ್ಯಾನು ನಿಂತಿದೆ ಎಂದು ಚಾಡಿ ಹೇಳುತ್ತದೆ. ಇನ್ನೊಂದು, ಮೈ ಕಾದಿದೆ ಎಂದು ದೂರುತ್ತದೆ. ಇವೆಲ್ಲಕ್ಕಿಂತ ಮೇಲಿನದು, ‘ನಾನು ಸರಿಯಾಗಿದ್ದೇನೆ’ ಎಂದು ಬಿಡದೆ ಹೇಳುತ್ತಲೇ ಇರುವ ತಂತಿ. ಕಾಗದದ ಮೇಲೆ ಅದಕ್ಕೆ ಏನೋ ಉದ್ದನೆಯ ಹೆಸರಿತ್ತು. ಮೇಜಿನವರು ಅದನ್ನು ಹೂಂ ತಂತಿ ಎನ್ನುತ್ತಿದ್ದರು. ಕಥೆ ಕೇಳುವವರು ಹೂಂಗುಟ್ಟುತ್ತಿರಬೇಕಲ್ಲ, ಹಾಗೆ. ಹೂಂ ನಿಂತಿತೆಂದರೆ ಕೇಳುವವರು ನಿದ್ದೆ ಹೋದರು ಎಂದರ್ಥ.

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಅವಳ ಮುಂದೆ ಹೇಳುವ ಹಾಗಿರಲಿಲ್ಲ. ಹೊಸದಾಗಿ ಸೇರಿದವರಿಗೆ ಅವಳ ಮೊದಲ ಪಾಠವೇ ಅದರ ತಿರುಗುಮುರುಗು. ‘ಕೆಟ್ಟಿರೋದು ಬಾಯಿ ಬಿಟ್ಟು ಕೆಟ್ಟಿದ್ದೀನಿ ಅಂತ ಹೇಳಲ್ಲ. ಹೇಳೋಕೆ ಅದಕ್ಕೆ ಶಕ್ತಿ ಎಲ್ಲಿರುತ್ತೆ? ಚೆನ್ನಾಗಿರೋದು ಹೇಳ್ತಾ ಇರ್ಬೇಕು. ಸುಮ್ಮನಾಯ್ತೋ, ಎದ್ದು ಓಡು.’ ಈ ಮಾತನ್ನು ಎಷ್ಟು ಸಲ ಹೇಳಿದ್ದಳೆಂದರೆ, ಅವಳು ‘ಕೆಟ್ಟಿರೋದು’ ಎಂದು ಶುರು ಮಾಡುವಷ್ಟರಲ್ಲಿ ಹಿಂದಿನ ಮೇಜಿನವರು ಉಳಿದದ್ದನ್ನು ಅವಳದೇ ದನಿಯಲ್ಲಿ ಮುಗಿಸುತ್ತಿದ್ದರು.

ಅವಳಿಗೆ ಸರಿಯಾದ ಜೋಡಿ ಅದೇ ಕಾರ್ಖಾನೆಯಲ್ಲಿದ್ದ. ಜೋಡಿ ಎಂದರೆ ಎಣ್ಣೆಗೆ ಸೀಗೆಕಾಯಿ. ಅವನಿಗೆ ಎಲ್ಲರೂ ಇಟ್ಟ ಹೆಸರು ಕ್ಲಿಪ್ಪಣ್ಣ.

ಪೆಟ್ಟಿಗೆಗಳನ್ನು ಬಿಸಿ ಕೋಣೆಯಲ್ಲಿಟ್ಟು ಗಂಟೆಗಟ್ಟಲೆ ಓಡಿಸಿ ನೋಡುವುದು ಅವನ ಕೆಲಸ. ಆ ಸಾಲಿನಲ್ಲಿ ಯಾವುದೋ ಒಂದರ ಹೂಂ ಕಣ್ಣು ಮಿಟುಕಿಸುವಷ್ಟು ಹೊತ್ತು ತಪ್ಪಿದರೂ ಸಾಲಿಗೆ ಸಾಲೇ ನಿಂತು ಗಂಟೆ ಹೊಡೆಯುತ್ತದೆ, ಮತ್ತೆ ಮೊದಲಿಂದ ಶುರು. ಊಟಕ್ಕೆ ಕೂತವರು ಎಂಜಲು ಕೈಯಲ್ಲೇ ಓಡಬೇಕು. ಇದಕ್ಕೆ ಬಿಸಿ ಕೋಣೆಯವರು ಕಂಡುಕೊಂಡ ಉಪಾಯ ಮೊಸಳೆ ಬಾಯಿಯ ಒಂದು ಸಣ್ಣ ಕ್ಲಿಪ್ಪು. ಹೂಂ ತಂತಿಯನ್ನು ಅದರಿಂದ ಪಕ್ಕದ ಕರೆಂಟಿರುವ ತಂತಿಗೆ ಕಚ್ಚಿಸಿಬಿಟ್ಟರೆ ಮಾಡ್ಯೂಲು ಬದುಕಿರಲಿ ಸತ್ತಿರಲಿ, ಹೂಂ ಮಾತ್ರ ನಿಲ್ಲುವುದಿಲ್ಲ, ಹಸಿರು ದೀಪ ಆರುವುದಿಲ್ಲ. ಅದಕ್ಕೆ ಸುಳ್ಳು ಹೂಂ ಎಂದು ಹೆಸರು. ಸುಳ್ಳು ಹೂಂ ಹಾಕುವುದರಲ್ಲಿ ಅವನ ಕೈಯನ್ನು ಮೀರಿಸಿದವರಿರಲಿಲ್ಲ. ತಂತಿಯನ್ನು ಒಂದು ಸುತ್ತು ಹೊರಳಿಸಿ, ರಬ್ಬರಿನ ಟೋಪಿಯನ್ನು ಹಿಂದಕ್ಕೆ ಸರಿಸಿ, ಕ್ಲಿಪ್ಪನ್ನು ಒಳಮುಖವಾಗಿ ಕೂರಿಸುತ್ತಿದ್ದ. ಹುಡುಕಿದರೂ ಕಾಣುತ್ತಿರಲಿಲ್ಲ.

ಸೋಮಾರಿತನಕ್ಕೆ ಅವನು ಅದನ್ನು ಮಾಡುತ್ತಿರಲಿಲ್ಲ ಎನ್ನುವುದು ಅವನ ಬಗ್ಗೆ ಹೇಳಲೇಬೇಕಾದ ಮಾತು. ಅವನು ಊಟ ಮಾಡುತ್ತಿದ್ದದ್ದೇ ಎಲ್ಲರಿಗಿಂತ ಕೊನೆಗೆ, ಅದೂ ನಿಂತುಕೊಂಡು. ಉಳಿದವರು ಕೂತು ನೆಮ್ಮದಿಯಾಗಿ ಉಣ್ಣಲಿ ಎಂದು ಕ್ಲಿಪ್ಪು ಹಾಕಿ, ತಾನು ಬಿಸಿ ಕೋಣೆಯ ಬಾಗಿಲಲ್ಲಿ ಬೆವರೊರೆಸಿಕೊಳ್ಳುತ್ತ ಕಾವಲು ನಿಲ್ಲುತ್ತಿದ್ದ. ಯಾರದಾದರೂ ನೆಮ್ಮದಿ ಕೆಡುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ. ಅದೊಂದು ಗುಣ ಎನ್ನಿ, ಕಾಯಿಲೆ ಎನ್ನಿ.

ಅವಳು ಬಿಟ್ಟಾಳೆಯೇ? ದಿನಾ ಬಿಸಿ ಕೋಣೆಗೆ ಹೋಗಿ ಕ್ಲಿಪ್ಪುಗಳನ್ನು ಹೇನು ಹೆಕ್ಕಿದ ಹಾಗೆ ಹೆಕ್ಕಿ ಏಪ್ರನ್ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ‘ಇವತ್ತು ಇವರ ಊಟ ಉಳಿಸ್ತೀರ, ನಾಳೆ ಈ ಪೆಟ್ಟಿಗೆ ಯಾವ ಆಸ್ಪತ್ರೇಲಿ ಕೂರುತ್ತೋ ಗೊತ್ತಾ ನಿಮಗೆ?’ ಎಂದು ಅವನನ್ನು ಎಲ್ಲರೆದುರು ಬೈಯುತ್ತಿದ್ದಳು. ಅವನು ಕೈ ಕಟ್ಟಿ ಬೈಸಿಕೊಳ್ಳುತ್ತಿದ್ದ, ಮರುದಿನ ಮತ್ತೆ ಹಾಕುತ್ತಿದ್ದ. ಹೀಗೆ ಬಹಳ ಕಾಲ ನಡೆದ ಮೇಲೆ ಒಂದು ಸಂಜೆ ಗೇಟಿನ ಹತ್ತಿರ ಅವಳನ್ನು ನಿಲ್ಲಿಸಿ, ‘ನನ್ನ ಕ್ಲಿಪ್ಪೆಲ್ಲ ನಿಮ್ಮ ಹತ್ರಾನೇ ಇದೆ. ವಾಪಸ್ ಕೊಡಿ, ಇಲ್ಲಾಂದ್ರೆ ನನ್ನನ್ನೂ ಅದರ ಜೊತೆಗೆ ಇಟ್ಕೊಂಡುಬಿಡಿ’ ಎಂದ. ಇಬ್ಬರಿಗೂ ಆಗಲೇ ಕಿವಿಯ ಹತ್ತಿರ ನರೆ ಇಣುಕಿತ್ತು. ಅವಳು ಮನೆಗೆ ಹೋಗಿ ಅತ್ತಳಂತೆ, ಯಾಕೆಂದು ಅವಳಿಗೇ ತಿಳಿಯಲಿಲ್ಲವಂತೆ. ಮುಂದಿನ ತಿಂಗಳು ಮದುವೆಯಾದರು. ಮಕ್ಕಳಾಗಲಿಲ್ಲ. ಇಬ್ಬರೇ ಇದ್ದರು, ಚೆನ್ನಾಗಿದ್ದರು.

ಅವನಿಗೆ ಪಾರ್ಶ್ವವಾಯು ಬಡಿದದ್ದು ಹಲ್ಲುಜ್ಜುತ್ತಿದ್ದಾಗ. ಬಲಭಾಗ ಪೂರ್ತಿ ಹೋಯಿತು, ಮಾತು ಮುಕ್ಕಾಲು ಹೋಯಿತು. ಎಡಗೈ ಮತ್ತು ತಲೆ ಉಳಿದವು. ಆಸ್ಪತ್ರೆಯಿಂದ ಮನೆಗೆ ತಂದು ಬೀದಿ ಬದಿಯ ಕೋಣೆಯಲ್ಲಿ ಮಲಗಿಸಿದರು. ಬೆಳಿಗ್ಗೆ ಅವಳು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ನರ್ಸಮ್ಮ ಬಂದು ಕೂರುತ್ತಿದ್ದರು. ಆಸ್ಪತ್ರೆಯ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಆಕೆಯ ಗತ್ತು ಮಾತ್ರ ರಿಟೈರ್ ಆಗಿರಲಿಲ್ಲ. ಮಧ್ಯಾಹ್ನದ ಮೇಲೆ ಅವಳೇ.

ತೊಂದರೆ ಇದ್ದದ್ದು ಗಂಟಲಿನಲ್ಲಿ. ನುಂಗುವ ಶಕ್ತಿ ಕುಂದಿ, ಇದ್ದಕ್ಕಿದ್ದಂತೆ ಕಫ ಅಡರಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆಗ ತಕ್ಷಣ ಪಕ್ಕಕ್ಕೆ ತಿರುಗಿಸಿ ಬೆನ್ನು ತಟ್ಟಬೇಕು. ಅವನಿಗೆ ಕೂಗಲು ಬಾರದು. ಮೊದಲ ಸಲ ಹಾಗಾದಾಗ ಅವಳು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು, ಸೋಪು ತೀರಿತೆಂದು ಒಳಗೆ ಬಂದದ್ದರಿಂದ ಅವನು ಉಳಿದ. ಉಸಿರು ಮರಳಿದ ಮೇಲೆ ಅವನು ಅವಳ ಮಣಿಕಟ್ಟು ಹಿಡಿದುಕೊಂಡು ಬಿಡಲೇ ಇಲ್ಲ. ತುಂಬ ಹೊತ್ತು ಹೆಣಗಿ ಎರಡು ಮಾತು ಹೊರಡಿಸಿದ. ‘ಒಬ್ನೇ... ಬೇಡ.’

‘ಬಿಡಲ್ಲ ರೀ. ನಿಮ್ಮನ್ನ ಒಬ್ಬರನ್ನೇ ಬಿಡಲ್ಲ. ಏನೇ ಆದ್ರೂ ನಾನು ಪಕ್ಕದಲ್ಲಿರ್ತೀನಿ, ಆಯ್ತಾ?’ ಎಂದು ಅವಳು ಮಾತು ಕೊಟ್ಟಳು. ಸಾವಿಗೆ ಅವನು ಅಷ್ಟಾಗಿ ಹೆದರಿರಲಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ, ಕೂಗಲು ಬಾಯಿಲ್ಲದೆ, ಒಬ್ಬನೇ ಹೋಗುವುದಕ್ಕೆ ಮಾತ್ರ ಚಿಕ್ಕ ಮಗುವಿನ ಹಾಗೆ ಹೆದರಿದ್ದ.

ಮರುದಿನವೇ ಅವಳು ಕಾರ್ಖಾನೆಯ ಗುಜರಿಯಿಂದ ಒಂದು ಹಳೆಯ ಮಾಡ್ಯೂಲು, ಎರಡು ದೀಪ, ಒಂದು ಗಂಟೆ ತಂದಳು. ಒಂದು ಗುಂಡಿ ಕೊಡು, ಬೇಕಾದಾಗ ಒತ್ತುತ್ತೇನೆ ಎಂದು ಅವನು ಎಡಗೈಯಲ್ಲಿ ಸನ್ನೆ ಮಾಡಿದ. ಅವಳು ಒಪ್ಪಲಿಲ್ಲ. ‘ಉಸಿರು ಸಿಕ್ಕಿಕೊಂಡಾಗ ಗುಂಡಿ ಹುಡುಕ್ತೀರಾ ನೀವು? ಕೆಟ್ಟಿರೋದು...’ ಎಂದು ಶುರು ಮಾಡಿದ್ದೇ ಅವನು ಅರ್ಧ ಮುಖದಲ್ಲೇ ನಕ್ಕುಬಿಟ್ಟ. ಕೊನೆಗೆ ಅವಳದೇ ನಡೆಯಿತು. ಚಪ್ಪಟೆ ಗುಂಡಿಯೊಂದು ಅವನ ಎಡ ಅಂಗೈ ಕೆಳಗೆ. ಕೈ ಅದರ ಮೇಲೆ ಸುಮ್ಮನೆ ಇದ್ದಷ್ಟು ಹೊತ್ತು ಒಳಗೆ ಅಡುಗೆಮನೆಯ ಶೆಲ್ಫಿನಲ್ಲಿ ಹಸಿರು ದೀಪ. ಕೈ ಸರಿಯಿತೋ, ಒದ್ದಾಡಿತೋ, ಮೇಲೆದ್ದಿತೋ, ಕೆಂಪು ದೀಪ ಮತ್ತು ಗಂಟೆ. ಅವನ ಅಂಗೈ ಹೂಂ ತಂತಿಯಾಯಿತು.

ಅದರಿಂದ ಅವನು ಉಳಿದದ್ದು ಒಂದು ಸಲವಲ್ಲ. ಆದರೆ ಅದು ಮನುಷ್ಯನ ಕೈ ನೋಡಿ. ತೂಕಡಿಸಿದರೆ ಸರಿಯುತ್ತದೆ, ನೊಣ ಕೂತರೆ ಏಳುತ್ತದೆ, ಮೂಗು ತುರಿಸಿದರೆ ಹೋಗುತ್ತದೆ. ಗಂಟೆ ಹೊಡೆದಾಗಲೆಲ್ಲ ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬರುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಅವನು ತಪ್ಪು ಮಾಡಿದವನಂತೆ ಕೈಯನ್ನು ಮತ್ತೆ ಗುಂಡಿಯ ಮೇಲಿಡುತ್ತಿದ್ದ. ರಾತ್ರಿ ಅವನ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತಿದ್ದಳು, ಅವನ ಕೆಮ್ಮಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣು ಮುಚ್ಚಬಹುದಾಗಿದ್ದದ್ದು ಮಧ್ಯಾಹ್ನ ಒಂದಿಷ್ಟು ಹೊತ್ತು, ಲಾರಿಗಳ ಸದ್ದು ಕೇಳದ ಹಿಂದಿನ ಕೋಣೆಯಲ್ಲಿ. ಅಲ್ಲಿಗೂ ದೀಪ, ಗಂಟೆಗಳನ್ನು ಉದ್ದನೆಯ ತಂತಿ ಸಮೇತ ಒಯ್ದು ಕಣ್ಣಿಗೆ ಕಾಣುವ ಹಾಗೆ ತಲೆದೆಸೆಗೆ ಇಟ್ಟುಕೊಳ್ಳುತ್ತಿದ್ದಳು. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಗಂಟೆ. ಹೀಗೆ ಒಂದು ವರ್ಷ ಕಳೆಯುವಷ್ಟರಲ್ಲಿ ಅವಳ ಕೆನ್ನೆ ಒಳಕ್ಕೆ ಹೋಯಿತು. ಕಾರ್ಖಾನೆಯಲ್ಲಿ ಮೀಟರ್ ಹಿಡಿದುಕೊಂಡೇ ತೂಕಡಿಸುತ್ತಿದ್ದಳು, ಯಾರೂ ಆಡಿಕೊಳ್ಳುತ್ತಿರಲಿಲ್ಲ.

ಅವನಿಗೊಬ್ಬಳು ಅಕ್ಕ. ಇಬ್ಬರಿಗೂ ಅವಳು ದೊಡ್ಡಕ್ಕ. ಬೇರೆ ಊರಿನಿಂದ ಆಗಾಗ ಬಸ್ಸಿನಲ್ಲಿ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದಳು. ಬಾಯಿ ಜೋರು, ಮನಸ್ಸು ಹತ್ತಿ. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಆ ಸಲ ಬಂದವಳು ಮಂಚದ ತುದಿಯಲ್ಲಿ ಕೂತು ಅವನ ಕಾಲು ಒತ್ತುತ್ತಿದ್ದಳು. ಅವಳೊಂದು ಲೋಟ ಟೀ ಕುಡಿದು ಮುಗಿಸುವಷ್ಟರಲ್ಲಿ ಗಂಟೆ ಮೂರು ಸಲ ಹೊಡೆಯಿತು, ಮೂರು ಸಲವೂ ತಮ್ಮನ ಹೆಂಡತಿ ಒದ್ದೆ ಕೈಯಲ್ಲಿ ಓಡಿ ಬಂದು ಹೋದಳು. ಮೂರನೆಯ ಸಲ ಬಾಗಿಲ ಚೌಕಟ್ಟಿಗೆ ತಲೆ ತಾಕಿಸಿಕೊಂಡಳು.

ಅವಳು ಒಳಗೆ ಹೋದ ಮೇಲೆ ದೊಡ್ಡಕ್ಕ ತಮ್ಮನಿಗೆ ಹೇಳಿದಳು. ‘ಅವಳ ಮುಖ ನೋಡಿದ್ಯೇನೋ? ಕಡ್ಡಿ ಆಗಿದ್ದಾಳೆ. ಹೀಗೇ ಆದ್ರೆ ನಿನಗಿಂತ ಮುಂಚೆ ಅವಳೇ ಹೋಗ್ತಾಳೆ ನೋಡು. ಒಂದು ಗಳಿಗೆ ಆದ್ರೂ ಮಲಗೋಕೆ ಬಿಡೋ ಪುಣ್ಯಾತ್ಮ.’ ಬೈದದ್ದಲ್ಲ, ತಮ್ಮನ ಹೆಂಡತಿಯ ಮೇಲಿನ ಮರುಕಕ್ಕೆ ಹೇಳಿದ್ದು. ಅಡುಗೆಮನೆಯಲ್ಲಿ ಅವಳಿಗೂ ಅದು ಕೇಳಿಸಿತು. ತನ್ನ ಕಷ್ಟವನ್ನು ಒಬ್ಬರಾದರೂ ಕಂಡರಲ್ಲ ಎಂದು ಕಣ್ಣು ಒದ್ದೆಯಾಯಿತು. ಅವನಿಗೆ ಹೇಗೆ ಕೇಳಿಸಿರಬಹುದು ಎಂದು ಆಗ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ದೊಡ್ಡಕ್ಕ ಅಂಗಡಿಗೆ ಹೋಗಿದ್ದಳು. ಅವನಿಗೆ ಗಂಜಿ ಕುಡಿಸಿ ಬಾಯಿ ಒರೆಸಿ, ಅಂಗೈಯನ್ನು ಗುಂಡಿಯ ಮೇಲಿಡಬೇಕೆನ್ನುವಾಗ ಅವನು ಆ ಕೈಯಿಂದ ಅವಳ ಕೆನ್ನೆ ಮುಟ್ಟಿದ. ‘ಮಲಗು’ ಎಂದ. ಆ ಒಂದು ಮಾತು ಎಂದಿಗಿಂತ ಸ್ಪಷ್ಟವಾಗಿ ಬಂದಿತ್ತು. ಅವಳು ಆ ಕೈಯನ್ನು ಗುಂಡಿಯ ಮೇಲಿಟ್ಟು, ಹಿಂದಿನ ಕೋಣೆಗೆ ಹೋಗಿ ಮೈ ಚಾಚಿದಳು.

ಎಚ್ಚರವಾದಾಗ ಗೋಡೆಯ ಮೇಲಿನ ಬಿಸಿಲು ಕೆಳಗಿಳಿದು ನೆಲ ಮುಟ್ಟಿತ್ತು. ಧಡಕ್ಕನೆ ಎದ್ದು ಕೂತಳು. ತಲೆದೆಸೆಯ ದೀಪ ನೋಡಿದಳು, ಹಸಿರು. ಅಬ್ಬ ಎಂದು ಮತ್ತೆ ದಿಂಬಿಗೆ ಒರಗಿದಳು. ಇವತ್ತು ಚೆನ್ನಾಗಿ ನಿದ್ದೆ ಹತ್ತಿರಬೇಕು, ಕೈ ಅಲುಗಾಡಿಸದೆ ಮಲಗಿದ್ದಾರೆ ಎಂದುಕೊಂಡಳು. ವರ್ಷದ ಮೇಲೆ ಮೊದಲ ಸಲ ಮೈ ಹಗುರವಾಗಿತ್ತು. ಎಬ್ಬಿಸುವುದು ಬೇಡವೆಂದು ಹೆಜ್ಜೆ ಸದ್ದು ಮಾಡದೆ ಅಡುಗೆಮನೆಗೆ ಹೋಗಿ ಮುಖ ತೊಳೆದಳು. ತಲೆ ಬಾಚಿಕೊಂಡಳು, ಸಿಕ್ಕು ಬಿಡಿಸಿಕೊಂಡು, ನಿಧಾನವಾಗಿ. ಟೀ ಮಾಡಿ ಕಿಟಕಿಯ ಹತ್ತಿರ ನಿಂತು ಬಿಸಿಯಾಗಿರುವಾಗಲೇ ಕುಡಿದಳು. ಒಂದೆರಡು ಸಲ ಹಿಂದಿನ ಕೋಣೆಯ ಬಾಗಿಲಿಂದ ಕಾಣುತ್ತಿದ್ದ ಹಸಿರು ದೀಪದ ಕಡೆ ಪ್ರೀತಿಯಿಂದಲೇ ನೋಡಿದಳು. ಆಮೇಲೆ ಅವನಿಗೂ ಅರ್ಧ ಲೋಟ ತೆಗೆದುಕೊಂಡು ಬೀದಿ ಕೋಣೆಗೆ ಬಂದಳು.

ಅವನ ಮೈ ತಣ್ಣಗಾಗಿತ್ತು.

ಎಡಗೈ ಗುಂಡಿಯ ಮೇಲಿರಲಿಲ್ಲ, ಪಕ್ಕದಲ್ಲಿ ಮಗುಚಿ ಬಿದ್ದಿತ್ತು. ಗುಂಡಿಯ ಕೆಳಗಿನ ಎರಡು ತಂತಿಗಳನ್ನೂ ಸೇರಿಸಿ ಒಂದು ಕ್ಲಿಪ್ಪು ಕಚ್ಚಿತ್ತು. ಬೆರಳಿನ ವ್ಯಾಯಾಮಕ್ಕೆಂದು ಅವನಿಗೆ ಕೊಟ್ಟಿದ್ದ ಹಳೆಯ ಕ್ಲಿಪ್ಪುಗಳ ಡಬ್ಬಿ ದಿಂಬಿನ ಹತ್ತಿರ ತೆರೆದುಕೊಂಡಿತ್ತು. ರಬ್ಬರಿನ ಚೆಂಡು ಹಿಚುಕಲು ಒಪ್ಪದವನು ಕ್ಲಿಪ್ಪು ಒತ್ತಲು ಒಪ್ಪಿದ್ದ. ಬೇರೆ ಯಾರೋ ಹಾಕಿದ್ದಿರಬಹುದು ಎಂದು ಒಂದು ಕ್ಷಣವಾದರೂ ನಂಬಲು ಅವಳಿಗೆ ದಾರಿಯಿರಲಿಲ್ಲ. ತಂತಿ ಒಂದು ಸುತ್ತು ಹೊರಳಿತ್ತು, ರಬ್ಬರಿನ ಟೋಪಿ ಹಿಂದಕ್ಕೆ ಸರಿದಿತ್ತು, ಕ್ಲಿಪ್ಪಿನ ಬಾಯಿ ಒಳಮುಖವಾಗಿ ಕೂತಿತ್ತು. ಗಂಟೆ ಹೊಡೆಯದ ಹಾಗೆ ಮಣಿಕಟ್ಟಿನಲ್ಲಿ ಗುಂಡಿ ಒತ್ತಿ ಹಿಡಿದುಕೊಂಡೇ, ಅದೇ ಒಂದು ಕೈಯ ಬೆರಳುಗಳಲ್ಲಿ ಅಷ್ಟು ಮಾಡಲು ಎಷ್ಟು ಹೊತ್ತು ಹಿಡಿದಿತ್ತೋ.

ಅವಳು ಅದನ್ನು ಕಿತ್ತಳು. ಹಿಂದಿನ ಕೋಣೆಯಲ್ಲಿ ಗಂಟೆ ಹೊಡೆಯತೊಡಗಿತು, ಹೊಡೆಯುತ್ತಲೇ ಇತ್ತು. ನಿಲ್ಲಿಸಬೇಕೆಂದು ಅವಳಿಗೆ ತೋಚಲಿಲ್ಲ. ಆ ಸದ್ದಿಗೆ ನರ್ಸಮ್ಮ ಬಂದರು, ಚೀಲ ಹಿಡಿದು ದೊಡ್ಡಕ್ಕ ಬಂದಳು.

ನರ್ಸಮ್ಮ ಒಳಗೆ ಹೋಗಿ ಗಂಟೆ ನಿಲ್ಲಿಸಿ ಬಂದು, ಅವನ ಕಣ್ಣು ಬಿಡಿಸಿ ನೋಡಿ, ಬಾಯಿ ನೋಡಿ, ಹಣೆ ಸವರಿದರು. ಕಫವೇ ಎಂದರು. ಅಭ್ಯಾಸಬಲದಿಂದ ಬಾಯಿ ಜಾರಿ, ‘ಪಕ್ಕಕ್ಕೆ ತಿರುಗಿಸಿದ್ರೆ...’ ಎಂದವರು ಅಲ್ಲಿಗೇ ನಿಲ್ಲಿಸಿದರು. ನಿಲ್ಲಿಸಿದ್ದೂ ತಡವಾಗಿತ್ತು, ದೊಡ್ಡಕ್ಕ ಕೇಳಿಸಿಕೊಂಡಿದ್ದಳು.

‘ಉಸಿರು ಸಿಕ್ಕಿಕೊಂಡಾಗ ಗಂಟೆ ಹೊಡೀಲಿಲ್ವಾ?’

ದೊಡ್ಡಕ್ಕನ ಕಣ್ಣು ತಮ್ಮನ ಹೆಂಡತಿಯ ಮುಷ್ಟಿಯ ಮೇಲೆ ಹೋಯಿತು. ‘ಏನದು ಕೈಯಲ್ಲಿ? ತೋರಿಸು.’

ಅವಳು ಮುಷ್ಟಿ ಬಿಚ್ಚಿದಳು. ಕ್ಲಿಪ್ಪಣ್ಣನ ಅಕ್ಕನಿಗೆ ಕ್ಲಿಪ್ಪಿನ ಕಥೆ ಗೊತ್ತಿಲ್ಲವೇ? ಅವರ ಮದುವೆಯ ಕಥೆಯನ್ನು ಊರಿಗೆಲ್ಲ ಹೇಳಿಕೊಂಡು ನಕ್ಕವಳೇ ಅವಳು.

ನರ್ಸಮ್ಮ ಮೆಲ್ಲಗೆ, ‘ಅವನೇ ಹಾಕ್ಕೊಂಡಿರ್ಬೇಕು ಕಣ್ರೀ, ಇವಳು ಮಲಗಲಿ ಅಂತ’ ಎಂದರು.

‘ಅವನಾ? ಅವನು ಯಾಕೆ ಹಾಕ್ಕೋತಾನೆ? ಒಬ್ಬನೇ ಇರೋಕೆ ಅಷ್ಟು ಹೆದರ್ತಿದ್ದವನು...’ ಎಂದ ದೊಡ್ಡಕ್ಕ ಇದ್ದಕ್ಕಿದ್ದಂತೆ ತಡೆದಳು. ಕೈ ಬಾಯಿಗೆ ಹೋಯಿತು. ‘ನಾನು ನಿನ್ನೆ ಅವನಿಗೆ...’

ಆ ಮುಖದಲ್ಲಿ ಏನು ಬರುತ್ತಿದೆ ಎಂಬುದು ತಮ್ಮನ ಹೆಂಡತಿಗೆ ಕಂಡಿತು. ಎಪ್ಪತ್ತು ದಾಟಿದ ಹೆಂಗಸು. ಎತ್ತಿ ಆಡಿಸಿದ ತಮ್ಮ. ಮರುಕಕ್ಕೆ ಹೇಳಿದ ಒಂದು ಮಾತು. ಅದನ್ನು ಹೊತ್ತುಕೊಂಡು ಈಕೆ ಊರಿನ ಬಸ್ಸು ಹತ್ತಿದರೆ ಎಷ್ಟು ದಿನ ಬದುಕಿಯಾಳು?

‘ನಾನೇ ಹಾಕಿದ್ದು ದೊಡ್ಡಕ್ಕ’ ಎಂದಳು. ‘ನಿದ್ದೆ ತಡೆಯೋಕೆ ಆಗ್ಲಿಲ್ಲ. ಸ್ವಲ್ಪ ಹೊತ್ತು ಅಂತ ಹಾಕಿದೆ.’

ನರ್ಸಮ್ಮ ಅವಳನ್ನೇ ನೋಡಿದರು, ನೋಡಿ ನೆಲ ನೋಡಿದರು. ದೊಡ್ಡಕ್ಕ ಬಾಯಿಂದ ಕೈ ತೆಗೆದಳು. ಆಮೇಲೆ ಆ ಬಾಯಿಂದ ಬಂದದ್ದನ್ನೆಲ್ಲ ಇಲ್ಲಿ ಬರೆಯುವುದು ಬೇಡ. ದುಃಖದಲ್ಲಿದ್ದವರು ಆಡುವ ಮಾತು, ಆಡಲಿಕ್ಕೆ ಅವಳಿಗೆ ಹಕ್ಕೂ ಇತ್ತು. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದಳು. ಕಾರ್ಖಾನೆಯಲ್ಲೆಲ್ಲ ಕ್ಲಿಪ್ಪು ಕಿತ್ತವಳು ಮನೆಯಲ್ಲಿ ಗಂಡನಿಗೆ ಕ್ಲಿಪ್ಪು ಹಾಕಿದಳು ಎಂದಳು. ಅದನ್ನು ಅಂಗಳದಲ್ಲಿ ನಿಂತವರೂ ಕೇಳಿದರು, ಅವರಲ್ಲಿ ಇಬ್ಬರು ಕಾರ್ಖಾನೆಯವರು. ಇನ್ನು ಮೇಲೆ ತಾನು ‘ಕೆಟ್ಟಿರೋದು’ ಎಂದು ಶುರು ಮಾಡಿದರೆ ಮೇಜಿನವರು ಮುಖ ತಿರುಗಿಸುತ್ತಾರೆ ಎಂದು ಅವಳಿಗೆ ಗೊತ್ತಾಯಿತು. ಅದಕ್ಕೆ ಅವಳಿಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಆ ಮೇಜು ಬಿಟ್ಟರೆ ಅವಳಿಗೆ ಈಗ ಏನೂ ಉಳಿದಿರಲಿಲ್ಲ.

ಎಲ್ಲ ಮುಗಿದ ಮೇಲೆ ದೊಡ್ಡಕ್ಕ ಹೊರಟು ನಿಂತಳು. ಅಷ್ಟು ದಿನವೂ ತಮ್ಮನ ಹೆಂಡತಿಯ ಕೈಯಿಂದ ನೀರು ಮುಟ್ಟಿರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ಮುಖ ನೋಡದೆ, ಮೆತ್ತಗೆ ಹೇಳಿದಳು. ಜೋರಾಗಿ ಹೇಳಿದ್ದರೆ ಇಷ್ಟು ತಾಗುತ್ತಿರಲಿಲ್ಲ.

‘ಹೋಗೋವಾಗ ಅವನ ಕಣ್ಣು ಬಾಗಿಲ ಮೇಲೇ ಇದ್ದಿರುತ್ತೆ. ಈಗ ಬರ್ತಾಳೆ, ಈಗ ಬರ್ತಾಳೆ ಅಂತ ನಿನ್ನ ದಾರಿ ನೋಡಿರ್ತಾನೆ. ಅಷ್ಟು ಮಾತ್ರ ನೆನಪಿಟ್ಕೋ.’

ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ದೊಡ್ಡಕ್ಕ ಹೇಳಿದ್ದು ನಿಜವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ದಾರಿ ನೋಡಿದ್ದರೆ, ಬರಲಿಲ್ಲವೆಂದು ಬೈದುಕೊಂಡಾದರೂ ಹೋಗಿದ್ದರೆ, ತಪ್ಪು ತನ್ನದೆಂದು ಬಿಕ್ಕಿ ಬಿಕ್ಕಿ ಅತ್ತುಬಿಡಬಹುದಿತ್ತು. ಉಸಿರು ಸಿಕ್ಕಿಕೊಂಡಾಗ ಅವನ ಎಡಗೈ ಕ್ಲಿಪ್ಪಿನಿಂದ ಒಂದು ಗೇಣು ದೂರದಲ್ಲಿತ್ತು. ಎಳೆಯಲು ಒಂದು ಬೆರಳು ಸಾಕು. ಎಳೆದಿದ್ದರೆ ಅವಳು ಓಡಿ ಬರುತ್ತಿದ್ದಳು. ಎಳೆಯಲು ಆಗಲಿಲ್ಲವೋ, ಮಲಗಿರಲಿ ಎಂದು ಎಳೆಯಲಿಲ್ಲವೋ, ಅದನ್ನು ಹೇಳಬೇಕಾದವನು ಹೋಗಿದ್ದ.

‘ನೆನಪಿಟ್ಕೋತೀನಿ ದೊಡ್ಡಕ್ಕ’ ಎಂದಳು. ಚೀಲ ಎತ್ತಿಕೊಂಡು ಬಸ್ಸು ನಿಲ್ಲುವ ಕಡೆಗೆ ಅವಳ ಹಿಂದೆ ನಡೆದಳು. ಚೀಲ ಇಸಿದುಕೊಂಡು ಬಸ್ಸು ಹತ್ತಿದ ದೊಡ್ಡಕ್ಕ ಕಿಟಕಿಯ ಹತ್ತಿರ ಸೀಟು ಖಾಲಿಯಿದ್ದರೂ ಆಚೆ ಬದಿಗೆ ಹೋಗಿ ಕೂತಳು.